ಇಂಗ್ಲಿಷಿನ ಹೋಲಿಕೆಯ ಗುಣವಾಚಕಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಇಬ್ಬರು ಹುಡುಗರನ್ನು ಬೆನ್ನಿಗೆ ಬೆನ್ನು ತಾಗಿಸಿ ನಿಲ್ಲಿಸಿ, ಯಾರು ಎತ್ತರವೆಂಬುದನ್ನು ಇಂಗ್ಲಿಷಿನಲ್ಲಿ ಹೇಳಿಸಿದರೆ, ಕನ್ನಡ ಮಾಧ್ಯಮದ ತರಗತಿಯಲ್ಲಿ ಸಾಮಾನ್ಯವಾಗಿ ಎರಡು ಬಗೆಯ ತಪ್ಪು ಉತ್ತರಗಳು ಬರುತ್ತವೆ. ‘ಹೀ ಈಸ್ ಟಾಲ್ ದ್ಯಾನ್ ಹಿಮ್’ ಎಂಬುದು ಒಂದು, ‘ಹೀ ಈಸ್ ಮೋರ್ ಟಾಲರ್ ದ್ಯಾನ್ ಹಿಮ್’ ಎಂಬುದು ಇನ್ನೊಂದು. ಮೊದಲನೆಯದರಲ್ಲಿ ಇರಬೇಕಾದುದು ಇಲ್ಲ, ಎರಡನೆಯದರಲ್ಲಿ ಬೇಡವಾದುದು ಸೇರಿಕೊಂಡಿದೆ. ಎರಡಕ್ಕೂ ಮೂಲ ಒಂದೇ ಆಗಿರುವುದರಿಂದ ಆ ಮೂಲದಿಂದಲೇ ಆರಂಭಿಸುವುದು ಒಳ್ಳೆಯದು.

ಕನ್ನಡಿಗರಿಗೆ ಈ ರೂಪಗಳು ಏಕೆ ಇಷ್ಟು ತೊಡಕು ಕೊಡುತ್ತವೆ?

ಕನ್ನಡದಲ್ಲಿ ಹೋಲಿಕೆಯ ಗುರುತು ಬೀಳುವುದು ಗುಣವಾಚಕದ ಮೇಲಲ್ಲ, ಯಾವುದರೊಡನೆ ಹೋಲಿಸುತ್ತೇವೆಯೋ ಆ ನಾಮಪದದ ಮೇಲೆ. ‘ರಾಜುವಿಗಿಂತ ಸೋಮು ಎತ್ತರ’ ಎನ್ನುವಾಗ ‘ರಾಜು’ ಎಂಬುದಕ್ಕೆ ಚತುರ್ಥೀ ವಿಭಕ್ತಿ ಹತ್ತಿ, ಅದರ ಮೇಲೆ ‘ಇಂತ’ ಬಂದು ಕುಳಿತಿದೆ. ‘ಎತ್ತರ’ ಎಂಬ ಪದ ಮಾತ್ರ ಹೇಗಿತ್ತೋ ಹಾಗೆಯೇ ಇದೆ. ‘ಮರಕ್ಕಿಂತ’, ‘ನಿನ್ನೆಗಿಂತ’, ‘ಅವಳಿಗಿಂತ’ ಎಂಬಲ್ಲಿಯೂ ಹೀಗೆಯೇ. ಇಂಗ್ಲಿಷಿನಲ್ಲಿ ‘ದ್ಯಾನ್’ ಎಂಬ ಪದ ನಮ್ಮ ‘ಗಿಂತ’ದ ಕೆಲಸವನ್ನು ಮಾಡುತ್ತದೆಯಾದರೂ ಅಷ್ಟಕ್ಕೇ ಕೆಲಸ ಮುಗಿಯುವುದಿಲ್ಲ, ಗುಣವಾಚಕವೂ ‘ಟಾಲ್’ ಎಂಬುದರಿಂದ ‘ಟಾಲರ್’ ಎಂದು ತನ್ನ ರೂಪವನ್ನು ಬದಲಿಸಲೇಬೇಕು. ನಾವು ಒಂದು ಕಡೆ ಹಾಕುವ ಗುರುತನ್ನು ಅವರು ಎರಡು ಕಡೆ ಹಾಕುತ್ತಾರೆ. ಇದನ್ನು ಮರೆತವರು ‘ಟಾಲ್ ದ್ಯಾನ್’ ಎನ್ನುತ್ತಾರೆ. ನೆನಪಿಟ್ಟುಕೊಂಡು ಅತಿ ಎಚ್ಚರ ವಹಿಸಿದವರು ‘ಮೋರ್ ಟಾಲರ್ ದ್ಯಾನ್’ ಎಂದು ಮೂರು ಕಡೆ ಗುರುತು ಹಾಕಿಬಿಡುತ್ತಾರೆ.

ಗುಣವಾಚಕದ ಮೇಲೆಯೇ ಪ್ರತ್ಯಯ ಹಚ್ಚುವ ಪದ್ಧತಿ ನಮಗೆ ತೀರ ಅಪರಿಚಿತವೇನೂ ಅಲ್ಲ, ಏಕೆಂದರೆ ಸಂಸ್ಕೃತದಿಂದ ಬಂದ ‘ಗುರುತರ’, ‘ಉಚ್ಚತಮ’, ‘ಶ್ರೇಷ್ಠ’, ‘ಕನಿಷ್ಠ’ ಮೊದಲಾದ ಪದಗಳನ್ನು ನಾವು ಬಳಸುತ್ತೇವೆ. ‘ತರ’ ಎಂಬುದು ಇಬ್ಬರಲ್ಲಿ ಹೆಚ್ಚಿನವರಿಗೆ, ‘ತಮ’ ಎಂಬುದು ಎಲ್ಲರಲ್ಲಿ ಹೆಚ್ಚಿನವರಿಗೆ. ಈ ಎರಡು ಪ್ರತ್ಯಯಗಳನ್ನು ಜೋಡಿಸಿದ್ದರಿಂದಲೇ ‘ತರತಮ’ ಎಂಬ ಪದವೂ ಅದರಿಂದ ‘ತಾರತಮ್ಯ’ವೂ ಹುಟ್ಟಿದವು. ಸಂಸ್ಕೃತದ ‘ಇಷ್ಠ’ ಪ್ರತ್ಯಯಕ್ಕೂ ಇಂಗ್ಲಿಷಿನ ‘ಎಸ್ಟ್’ ಪ್ರತ್ಯಯಕ್ಕೂ ಮೂಲ ಒಂದೇ ಎಂಬುದು ಇನ್ನೂ ಸ್ವಾರಸ್ಯಕರವಾದ ಸಂಗತಿ. ಊಟ ಮುಗಿಸಿ ನಾವು ‘ಸ್ವಾದಿಷ್ಟವಾಗಿತ್ತು’ ಎನ್ನುವ ಪದವೂ ಇಂಗ್ಲಿಷಿನ ‘ಸ್ವೀಟೆಸ್ಟ್’ ಎಂಬ ಪದವೂ ಧಾತುವಿನಲ್ಲಿ, ಪ್ರತ್ಯಯದಲ್ಲಿ, ಎರಡರಲ್ಲಿಯೂ ದಾಯಾದಿಗಳು.

ಯಾವ ಪದಕ್ಕೆ ಕೊನೆಯಲ್ಲಿ ‘ಅರ್’ ಹಚ್ಚಬೇಕು, ಯಾವ ಪದದ ಮುಂದೆ ‘ಮೋರ್’ ಇಡಬೇಕು?

ಇದನ್ನು ನಿರ್ಧರಿಸುವುದು ಪದದ ಅರ್ಥವಲ್ಲ, ಅದರ ಉದ್ದ. ಉದ್ದವನ್ನು ಅಳೆಯಬೇಕಾದುದು ಬರೆಯುವ ಅಕ್ಷರಗಳಿಂದಲ್ಲ, ಬಾಯಲ್ಲಿ ಬರುವ ಉಚ್ಚಾರಾಂಶಗಳಿಂದ. ‘ಸ್ಟ್ರಾಂಗ್’ ಎಂಬುದನ್ನು ಬರೆಯಲು ಇಂಗ್ಲಿಷಿನಲ್ಲಿ ಆರು ಅಕ್ಷರಗಳು ಬೇಕಾದರೂ ಅದರಲ್ಲಿ ಒಂದೇ ಸ್ವರವಿದ್ದು, ಬಾಯಿ ಒಮ್ಮೆ ಮಾತ್ರ ತೆರೆಯುತ್ತದೆ; ಆದ್ದರಿಂದ ಅದು ಒಂದು ಉಚ್ಚಾರಾಂಶದ ಪದ. ಇಂಥ ಚಿಕ್ಕ ಪದಗಳು ಸಾಮಾನ್ಯವಾಗಿ ‘ಅರ್’ ಪಡೆಯುತ್ತವೆ: ಟಾಲರ್, ಶಾರ್ಟರ್, ಚೀಪರ್, ಸ್ಟ್ರಾಂಗರ್. ಮೂರು ಅಥವಾ ಅದಕ್ಕಿಂತ ಹೆಚ್ಚು ಉಚ್ಚಾರಾಂಶಗಳಿರುವ ಉದ್ದನೆಯ ಪದಗಳ ಮುಂದೆ ‘ಮೋರ್’ ಬರುತ್ತದೆ: ಮೋರ್ ಬ್ಯೂಟಿಫುಲ್, ಮೋರ್ ಎಕ್ಸ್‌ಪೆನ್ಸಿವ್, ಮೋರ್ ಇಂಟೆಲಿಜೆಂಟ್. ‘ಬ್ಯೂಟಿಫುಲರ್’ ಎಂದು ಒಮ್ಮೆ ಗಟ್ಟಿಯಾಗಿ ಹೇಳಿ ನೋಡಿದರೆ ಇಂಗ್ಲಿಷಿನವರು ಅದನ್ನೇಕೆ ಬಿಟ್ಟರೆಂಬುದು ನಾಲಿಗೆಗೇ ತಿಳಿಯುತ್ತದೆ.

ನಿಜವಾದ ಗೊಂದಲವಿರುವುದು ಎರಡು ಉಚ್ಚಾರಾಂಶಗಳ ಪದಗಳಲ್ಲಿ. ಇವುಗಳಲ್ಲಿ ‘ಇ’ ಧ್ವನಿಯಲ್ಲಿ ಮುಗಿದು ಬರವಣಿಗೆಯಲ್ಲಿ ವೈ ಅಕ್ಷರವಿರುವ ಪದಗಳು ಚಿಕ್ಕ ಪದಗಳ ಗುಂಪಿಗೆ ಸೇರುತ್ತವೆ: ಹ್ಯಾಪಿ–ಹ್ಯಾಪಿಯರ್, ಈಸಿ–ಈಸಿಯರ್, ಹೆವಿ–ಹೆವಿಯರ್, ಬಿಜಿ–ಬಿಜಿಯರ್. ‘ಫುಲ್’, ‘ಲೆಸ್’, ‘ಅಸ್’, ‘ಇಂಗ್’ ಎಂದು ಮುಗಿಯುವ ಪದಗಳು ‘ಮೋರ್’ ಬೇಡುತ್ತವೆ: ಮೋರ್ ಯೂಸ್‌ಫುಲ್, ಮೋರ್ ಕೇರ್‌ಲೆಸ್, ಮೋರ್ ಫೇಮಸ್, ಮೋರ್ ಬೋರಿಂಗ್. ಇವೆರಡರ ನಡುವೆ ‘ಕ್ಲೆವರ್’, ‘ಸಿಂಪಲ್’, ‘ನ್ಯಾರೋ’, ‘ಕ್ವಯಟ್’, ‘ಪೊಲೈಟ್’, ‘ಕಾಮನ್’ ಮೊದಲಾದ ಪದಗಳಿದ್ದು, ಅವುಗಳಿಗೆ ಎರಡೂ ರೂಪಗಳು ಸಲ್ಲುತ್ತವೆ. ‘ಸಿಂಪ್ಲರ್’ ಎಂದರೂ ‘ಮೋರ್ ಸಿಂಪಲ್’ ಎಂದರೂ ತಪ್ಪಲ್ಲ, ಮೊದಲನೆಯದು ಹೆಚ್ಚು ಬಳಕೆಯಲ್ಲಿದೆ ಅಷ್ಟೆ. ಸಂದೇಹ ಬಂದಾಗ ‘ಮೋರ್’ ಹಾಕುವುದೇ ಕ್ಷೇಮವೆಂಬ ಸಲಹೆಯನ್ನು ಎರಡು ಉಚ್ಚಾರಾಂಶಗಳ ಪದಗಳಿಗೆ ಒಪ್ಪಬಹುದು. ಆದರೆ ಅದನ್ನೇ ಹಿಡಿದುಕೊಂಡು ‘ಮೋರ್ ಬಿಗ್’, ‘ಮೋರ್ ಚೀಪ್’ ಎನ್ನತೊಡಗಿದರೆ ಕಿವಿಗೆ ಕಲ್ಲು ಸಿಕ್ಕಂತಾಗುತ್ತದೆ.

ಚಿಕ್ಕ ಪದಗಳಲ್ಲಿಯೂ ಕೆಲವು ಈ ನಿಯಮಕ್ಕೆ ಬಗ್ಗುವುದಿಲ್ಲ. ‘ಟೈರ್ಡ್’, ‘ಬೋರ್ಡ್’ ಎಂಬಂಥ, ಕ್ರಿಯಾಪದದಿಂದ ಹುಟ್ಟಿದ ಗುಣವಾಚಕಗಳು ಎಷ್ಟೇ ಚಿಕ್ಕವಾದರೂ ‘ಮೋರ್ ಟೈರ್ಡ್’, ‘ಮೋರ್ ಬೋರ್ಡ್’ ಎಂದೇ ಆಗುತ್ತವೆ. ‘ಫನ್’, ‘ರಾಂಗ್’, ‘ರಿಯಲ್’ ಎಂಬವುಗಳ ಮುಂದೆಯೂ ‘ಮೋರ್’ ಇಡುವುದೇ ರೂಢಿ.

ಬರೆಯುವಾಗ ಕೊನೆಯ ಅಕ್ಷರವನ್ನು ಇಮ್ಮಡಿಸಬೇಕಾದುದು ಯಾವಾಗ?

ಪದವು ಒಂದೇ ಉಚ್ಚಾರಾಂಶದ್ದಾಗಿದ್ದು, ಅದರ ಕೊನೆಯಲ್ಲಿ ಒಂದೇ ವ್ಯಂಜನವೂ ಆ ವ್ಯಂಜನದ ಹಿಂದೆ ಒಂದೇ ಸ್ವರಾಕ್ಷರವೂ ಇದ್ದಾಗ ವ್ಯಂಜನವನ್ನು ಇಮ್ಮಡಿಸಬೇಕು. ಬಿ-ಐ-ಜಿ ‘ಬಿಗ್’ ಆದರೆ ಬಿ-ಐ-ಜಿ-ಜಿ-ಇ-ಆರ್ ‘ಬಿಗರ್’. ಎಚ್-ಓ-ಟಿ ‘ಹಾಟ್’ ಆದರೆ ಎಚ್-ಓ-ಟಿ-ಟಿ-ಇ-ಆರ್ ‘ಹಾಟರ್’. ‘ಚೀಪ್’ ಎಂಬುದರಲ್ಲಿ ಪಿ ಅಕ್ಷರದ ಹಿಂದೆ ಇ ಮತ್ತು ಎ ಎಂಬ ಎರಡು ಸ್ವರಾಕ್ಷರಗಳಿರುವುದರಿಂದಲೂ, ‘ಸ್ಮಾಲ್’ ಎಂಬುದರಲ್ಲಿ ಮೊದಲೇ ಎರಡು ಎಲ್ ಇರುವುದರಿಂದಲೂ ಅಲ್ಲಿ ಇಮ್ಮಡಿಸುವ ಪ್ರಶ್ನೆಯೇ ಇಲ್ಲ. ‘ಸ್ಲೋ’ ಎಂಬುದರ ಕೊನೆಯ ಡಬ್ಲ್ಯೂ ಎಂದೂ ಇಮ್ಮಡಿಯಾಗುವುದಿಲ್ಲ. ‘ಲಾರ್ಜ್’, ‘ನೈಸ್’ ಮೊದಲಾದ ಪದಗಳು ಇ ಅಕ್ಷರದಲ್ಲಿಯೇ ಮುಗಿಯುವುದರಿಂದ ಅವುಗಳಿಗೆ ಆರ್ ಒಂದನ್ನೇ ಸೇರಿಸಿದರೆ ಸಾಕು. ‘ಹ್ಯಾಪಿ’ಯ ಕೊನೆಯ ವೈ ಅಕ್ಷರವು ಐ ಆಗಿ, ಅದರ ಮೇಲೆ ಇ-ಆರ್ ಬರುತ್ತದೆ.

ಇಮ್ಮಡಿಸುವುದು ಬರವಣಿಗೆಯಲ್ಲಿ ಮಾತ್ರ, ಉಚ್ಚಾರದಲ್ಲಿ ಅಲ್ಲ. ನಮಗೆ ‘ಅಕ್ಕ’, ‘ಹತ್ತು’ ಎಂದು ಒತ್ತಕ್ಷರವನ್ನು ಒತ್ತಿ ಹೇಳುವ ಅಭ್ಯಾಸವಿರುವುದರಿಂದ ‘ಬಿಗ್ಗರ್’, ‘ಹಾಟ್ಟರ್’ ಎಂದು ಓದುವವರು ಬಹಳ ಮಂದಿ. ಇಂಗ್ಲಿಷಿನವರ ಬಾಯಲ್ಲಿ ಅಲ್ಲಿ ಒಂದೇ ವ್ಯಂಜನ ಕೇಳಿಸುತ್ತದೆ.

‘ಮೋರ್ ಬೆಟರ್’ ಎಂದರೆ ಏನು ತಪ್ಪು? ಅರ್ಥವಾಗುತ್ತದೆಯಲ್ಲ?

ಅರ್ಥವೇನೋ ಆಗುತ್ತದೆ. ಆದರೆ ‘ಬೆಟರ್’ ಎಂಬುದರಲ್ಲಿಯೇ ‘ಹೆಚ್ಚು’ ಎಂಬ ಅಂಶ ಅಡಗಿರುವಾಗ ಮತ್ತೊಂದು ‘ಹೆಚ್ಚು’ ಸೇರಿಸುವುದು ‘ಗೇಟು ಬಾಗಿಲು’ ಎಂದಂತೆ. ನಾನೇ ಹಿಂದೊಮ್ಮೆ ಕೆಲಸಕ್ಕಾಗಿ ಬರೆದ ಅರ್ಜಿಯಲ್ಲಿ ‘ಮೋರ್ ಬೆಟರ್’ ಎಂದು ಬರೆದಿದ್ದೆ. ಅದನ್ನು ಓದಿದ ಅಧಿಕಾರಿಯೊಬ್ಬರು ‘ಮೋರ್’ ಎಂಬುದರ ಸುತ್ತ ಕೆಂಪು ಶಾಯಿಯಲ್ಲಿ ಒಂದು ಸೊನ್ನೆ ಸುತ್ತಿ, ಏನೂ ಹೇಳದೆ ಹಿಂದಕ್ಕೆ ಕೊಟ್ಟರು. ಆ ಸೊನ್ನೆ ಇಂದಿಗೂ ಕಣ್ಣ ಮುಂದಿದೆ.

ಇಂಗ್ಲಿಷಿನವರೇ ಒಂದು ಕಾಲದಲ್ಲಿ ಹೀಗೆ ಎರಡೆರಡು ಗುರುತು ಹಾಕುತ್ತಿದ್ದರೆಂಬುದನ್ನೂ ಹೇಳಬೇಕು. ಶೇಕ್ಸ್‌ಪಿಯರನ ಕಾಲದಲ್ಲಿ ಇಂಥ ಜೋಡಿ ರೂಪಗಳು ಒತ್ತು ಕೊಡುವ ಸಹಜವಾದ ಪ್ರಯೋಗಗಳಾಗಿದ್ದವು. 18ನೆಯ ಶತಮಾನದ ವ್ಯಾಕರಣಕಾರರು ಅವುಗಳನ್ನು ದೋಷಗಳ ಪಟ್ಟಿಗೆ ಸೇರಿಸಿದರು. ‘ಲೆಸ್’ ಎಂಬುದು ತಾನೇ ಹೋಲಿಕೆಯ ರೂಪವಾಗಿದ್ದರೂ ಅದರ ಮೇಲೆ ಮತ್ತೊಂದು ‘ಅರ್’ ಹತ್ತಿ ಹುಟ್ಟಿದ ‘ಲೆಸರ್’ ಎಂಬ ಪದ ಮಾತ್ರ ಆ ಶೋಧನೆಯನ್ನು ದಾಟಿ ಶಿಷ್ಟ ಭಾಷೆಯಲ್ಲಿ ಉಳಿದುಕೊಂಡಿದೆ. ಹಾಗೆಂದು ಇಂದಿನ ಪರೀಕ್ಷೆಯಲ್ಲಿಯೋ ಅರ್ಜಿಯಲ್ಲಿಯೋ ಶೇಕ್ಸ್‌ಪಿಯರನ ಆಸರೆ ಸಿಗುವುದಿಲ್ಲ.

‘ಗುಡ್’ ಎಂಬುದು ‘ಗುಡರ್’ ಆಗದೆ ‘ಬೆಟರ್’ ಆದುದು ಹೇಗೆ?

ಅವೆರಡೂ ಬೇರೆ ಬೇರೆ ಮೂಲದ ಪದಗಳು. ಬಹಳ ಹಿಂದೆಯೇ ಒಂದೇ ಪಟ್ಟಿಯಲ್ಲಿ ಸೇರಿಕೊಂಡಿವೆ. ‘ಬ್ಯಾಡ್’ ಮತ್ತು ‘ವರ್ಸ್’ ಎಂಬುವೂ ಹೀಗೆಯೇ. ಹೆಚ್ಚು ಬಳಕೆಯಲ್ಲಿರುವ ಪದಗಳಲ್ಲಿಯೇ ಇಂಥ ವಕ್ರತೆ ಉಳಿಯುವುದು ಸಹಜ, ಏಕೆಂದರೆ ದಿನವೂ ಬಾಯಲ್ಲಿ ಆಡುವ ಪದವನ್ನು ನಿಯಮಕ್ಕೆ ತಕ್ಕಂತೆ ತಿದ್ದಿಕೊಳ್ಳುವ ಅಗತ್ಯ ಯಾರಿಗೂ ಬೀಳುವುದಿಲ್ಲ. ಕಂಠಪಾಠ ಮಾಡಬೇಕಾದ ಪಟ್ಟಿ ಬಹಳ ಚಿಕ್ಕದು: ಗುಡ್–ಬೆಟರ್, ಬ್ಯಾಡ್–ವರ್ಸ್, ಮೆನಿ ಮತ್ತು ಮಚ್ ಎರಡಕ್ಕೂ ಮೋರ್, ಲಿಟ್ಲ್–ಲೆಸ್, ಫಾರ್–ಫಾರ್ದರ್ ಅಥವಾ ಫರ್ದರ್. ಕೊನೆಯ ಎರಡರಲ್ಲಿ ದೂರವನ್ನು ಹೇಳಲು ಯಾವುದನ್ನಾದರೂ ಬಳಸಬಹುದು. ‘ಹೆಚ್ಚಿನ ಮಾಹಿತಿ’ ಎಂಬ ಅರ್ಥದಲ್ಲಿ ಮಾತ್ರ ‘ಫರ್ದರ್’ ಒಂದೇ ಸರಿ.

‘ಹತ್ತಿರ’ ಎಂಬ ಅರ್ಥದ ‘ನಿಯರ್’ ಎಂಬ ಪದ ಹಿಂದೆ ‘ಹೆಚ್ಚು ಹತ್ತಿರ’ ಎಂಬ ಹೋಲಿಕೆಯ ರೂಪವೇ ಆಗಿತ್ತು. ಅದರ ಹಳೆಯ ಅರ್ಥ ಮಾಸಿಹೋದ ಮೇಲೆ ‘ನಿಯರರ್’ ಎಂಬ ಹೊಸ ರೂಪ ಬೇಕಾಯಿತು.

‘ತುಂಬಾ ಎತ್ತರ’ ಎನ್ನಲು ‘ವೆರಿ ಟಾಲರ್’ ಎನ್ನಬಹುದೇ?

ಎನ್ನುವಂತಿಲ್ಲ. ಕನ್ನಡದಲ್ಲಿ ‘ಸೋಮು ತುಂಬಾ ಎತ್ತರ’ ಎಂದರೂ ‘ರಾಜುವಿಗಿಂತ ಸೋಮು ತುಂಬಾ ಎತ್ತರ’ ಎಂದರೂ ‘ತುಂಬಾ’ ಒಂದೇ. ಇಂಗ್ಲಿಷಿನಲ್ಲಿ ಮೊದಲನೆಯದಕ್ಕೆ ‘ವೆರಿ ಟಾಲ್’, ಎರಡನೆಯದಕ್ಕೆ ‘ಮಚ್ ಟಾಲರ್’. ‘ವೆರಿ’ ಎಂಬುದು ಗುಣದ ಮಟ್ಟವನ್ನು ಹೇಳುತ್ತದೆ, ‘ಮಚ್’ ಎಂಬುದು ಇಬ್ಬರ ನಡುವಣ ಅಂತರವನ್ನು ಹೇಳುತ್ತದೆ. ‘ಮಚ್’ ಬದಲು ‘ಫಾರ್’ ಅಥವಾ ಮಾತಿನಲ್ಲಿ ‘ಅ ಲಾಟ್’ ಎಂದೂ ಹೇಳಬಹುದು. ಅಂತರ ಚಿಕ್ಕದಿದ್ದರೆ ‘ಅ ಲಿಟ್ಲ್’, ‘ಅ ಬಿಟ್’, ‘ಸ್ಲೈಟ್ಲಿ’. ನಮ್ಮ ‘ಇನ್ನೂ’ ಎಂಬುದಕ್ಕೆ ‘ಈವನ್’ ಅಥವಾ ‘ಸ್ಟಿಲ್’ ಹೊಂದುತ್ತದೆ: ‘ನಿನ್ನೆ ಸೆಕೆಯಿತ್ತು, ಇಂದು ಇನ್ನೂ ಸೆಕೆ’ ಎಂಬುದು ‘ಇಟ್ ವಾಸ್ ಹಾಟ್ ಯೆಸ್ಟರ್ಡೇ, ಬಟ್ ಇಟ್ ಈಸ್ ಈವನ್ ಹಾಟರ್ ಟುಡೇ’ ಎಂದಾಗುತ್ತದೆ.

ಎಷ್ಟು ಅಡಿ, ಎಷ್ಟು ವರ್ಷ, ಎಷ್ಟು ಪಟ್ಟು ಎಂದು ಲೆಕ್ಕ ಕೊಟ್ಟು ಹೋಲಿಸುವುದು ಹೇಗೆ?

ನಮ್ಮ ಗೊಮ್ಮಟ ವಿಗ್ರಹಗಳನ್ನೇ ತೆಗೆದುಕೊಳ್ಳೋಣ. 10ನೆಯ ಶತಮಾನದ ಕೊನೆಯ ಭಾಗದಲ್ಲಿ ಚಾವುಂಡರಾಯ ಮಾಡಿಸಿದ ಶ್ರವಣಬೆಳಗೊಳದ ಮೂರ್ತಿ ಸುಮಾರು 57 ಅಡಿ, 1432ರ ಕಾರ್ಕಳದ ಮೂರ್ತಿ ಸುಮಾರು 42 ಅಡಿ, 1604ರ ವೇಣೂರಿನ ಮೂರ್ತಿ ಸುಮಾರು 35 ಅಡಿ. ‘ಕಾರ್ಕಳದ್ದಕ್ಕಿಂತ ಬೆಳಗೊಳದ್ದು 15 ಅಡಿ ಎತ್ತರ’ ಎಂಬುದನ್ನು ಇಂಗ್ಲಿಷಿನಲ್ಲಿ ‘ದ ಸ್ಟ್ಯಾಚ್ಯೂ ಅಟ್ ಶ್ರವಣಬೆಳಗೊಳ ಈಸ್ ಅಬೌಟ್ ಫಿಫ್ಟೀನ್ ಫೀಟ್ ಟಾಲರ್ ದ್ಯಾನ್ ದ ವನ್ ಅಟ್ ಕಾರ್ಕಳ’ ಎಂದು ಹೇಳಬೇಕು. ಅಳತೆಯು ಗುಣವಾಚಕದ ಬೆನ್ನಿಗೆ ಅಂಟಿಕೊಂಡು, ಅದರ ಮುಂಚೆಯೇ ಬರುವ ಈ ಕ್ರಮ ನಮ್ಮ ಕನ್ನಡದ ಕ್ರಮವೇ ಆಗಿರುವುದು ಒಂದು ಸಮಾಧಾನ. ಇಲ್ಲಿ ‘ಟಾಲರ್’ ಎಂಬುದನ್ನು ‘ಟಾಲ್’ ಎಂದುಬಿಟ್ಟರೆ ‘ಫಿಫ್ಟೀನ್ ಫೀಟ್ ಟಾಲ್’ ಎಂದಾಗಿ, ಬೆಳಗೊಳದ ಗೊಮ್ಮಟನ ಪೂರ್ಣ ಎತ್ತರವೇ 15 ಅಡಿಗೆ ಇಳಿದುಹೋಗುತ್ತದೆ! ಕನ್ನಡದಲ್ಲಿ ‘ಗಿಂತ’ ಇರುವುದರಿಂದ ಈ ಅಪಾಯವಿಲ್ಲ. ಕಾಲದ ಲೆಕ್ಕವೂ ಹೀಗೆಯೇ: ಕಾರ್ಕಳದ ಮೂರ್ತಿ ವೇಣೂರಿನದಕ್ಕಿಂತ 172 ವರ್ಷ ‘ಓಲ್ಡರ್’.

ಪಟ್ಟಿನ ಲೆಕ್ಕಕ್ಕೆ ಮಾತ್ರ ಹೋಲಿಕೆಯ ರೂಪವನ್ನು ಬಿಟ್ಟು ‘ಆ್ಯಸ್… ಆ್ಯಸ್’ ಜೋಡಿಯನ್ನು ಬಳಸುವುದು ಸುರಕ್ಷಿತ. ಬೆಳಗೊಳದ ಮೂರ್ತಿ ವೇಣೂರಿನದರ ಒಂದೂವರೆ ಪಟ್ಟಿಗೂ ಸ್ವಲ್ಪ ಹೆಚ್ಚು ಎತ್ತರವಾಗಿರುವುದರಿಂದ ‘ಮೋರ್ ದ್ಯಾನ್ ವನ್ ಆ್ಯಂಡ್ ಅ ಹಾಫ್ ಟೈಮ್ಸ್ ಆ್ಯಸ್ ಟಾಲ್ ಆ್ಯಸ್’ ಎನ್ನಬೇಕು. ‘ಟೂ ಟೈಮ್ಸ್ ಟಾಲರ್’ ಎಂಬ ಮಾತು ಬಳಕೆಯಲ್ಲಿದೆಯಾದರೂ ಅದು ಎರಡು ಪಟ್ಟೋ ಮೂರು ಪಟ್ಟೋ ಎಂದು ಲೆಕ್ಕ ಹಾಕುವವರು ಜಗಳ ತೆಗೆಯುತ್ತಾರೆ. ‘ಟ್ವೈಸ್ ಆ್ಯಸ್ ಟಾಲ್’ ಎಂದರೆ ಜಗಳಕ್ಕೆ ಎಡೆಯಿಲ್ಲ.

ಇನ್ನೊಂದು ಎಚ್ಚರಿಕೆ ‘ಎತ್ತರ’ ಎಂಬ ಪದದ ಬಗ್ಗೆ. ಮನುಷ್ಯ, ಮರ, ಕಂಬ, ವಿಗ್ರಹ ಇವುಗಳಿಗೆ ‘ಟಾಲರ್’. ಬೆಟ್ಟ, ಗೋಡೆ, ಬೆಲೆ, ಅಂಕ ಇವುಗಳಿಗೆ ‘ಹೈಯರ್’. ನಂದಿ ಬೆಟ್ಟಕ್ಕಿಂತ ಮುಳ್ಳಯ್ಯನಗಿರಿ ‘ಹೈಯರ್’, ಅದರ ನೆತ್ತಿಯ ಮೇಲೆ ನಿಂತವರಲ್ಲಿ ಒಬ್ಬರು ಇನ್ನೊಬ್ಬರಿಗಿಂತ ‘ಟಾಲರ್’.

‘ಅವನು ನನಗಿಂತ ದೊಡ್ಡವನು’ ಎಂಬುದಕ್ಕೆ ‘ಬಿಗರ್’, ‘ಓಲ್ಡರ್’, ‘ಎಲ್ಡರ್’ ಇವುಗಳಲ್ಲಿ ಯಾವುದು ಸರಿ?

ವಯಸ್ಸಿನ ಮಾತಾದರೆ ‘ಓಲ್ಡರ್’. ಕನ್ನಡದ ‘ದೊಡ್ಡವನು’ ಎಂಬ ಪದ ವಯಸ್ಸಿಗೂ ಗಾತ್ರಕ್ಕೂ ಅಂತಸ್ತಿಗೂ ಒದಗುವುದರಿಂದ ‘ಹೀ ಈಸ್ ಟೂ ಇಯರ್ಸ್ ಬಿಗರ್ ದ್ಯಾನ್ ಮಿ’ ಎಂಬಂಥ ವಾಕ್ಯಗಳು ಹುಟ್ಟುತ್ತವೆ. ಇಂಗ್ಲಿಷಿನ ‘ಬಿಗರ್’ ಎಂಬುದರಲ್ಲಿ ಮೈಕಟ್ಟಿನ ಅಳತೆಯೇ ಮುಖ್ಯ. ‘ಎಲ್ಡರ್’ ಎಂಬುದು ‘ಓಲ್ಡ್’ ಎಂಬುದರ ಹಳೆಯ ಹೋಲಿಕೆಯ ರೂಪವಾಗಿದ್ದು, ಈಗ ಮನೆಯೊಳಗಿನ ಸಂಬಂಧಕ್ಕೆ ಮಾತ್ರ ಮೀಸಲಾಗಿ, ನಾಮಪದದ ಮುಂದೆಯೇ ನಿಲ್ಲುತ್ತದೆ: ‘ಮೈ ಎಲ್ಡರ್ ಬ್ರದರ್’, ‘ಹರ್ ಎಲ್ಡರ್ ಡಾಟರ್’. ಅದರ ನಂತರ ‘ದ್ಯಾನ್’ ಬರುವುದಿಲ್ಲ. ‘ಹೀ ಈಸ್ ಎಲ್ಡರ್ ದ್ಯಾನ್ ಮಿ’ ಎಂಬುದು ನಮ್ಮ ಕಡೆ ಎಷ್ಟು ಸಲ ಕೇಳಿಬಂದರೂ ತಪ್ಪೇ. ವಸ್ತುಗಳಿಗಂತೂ ‘ಎಲ್ಡರ್’ ಸಲ್ಲುವುದೇ ಇಲ್ಲ; ಹಳೆಯ ಮನೆ, ಹಳೆಯ ದೇವಸ್ಥಾನಗಳೆಲ್ಲ ‘ಓಲ್ಡರ್’.

ಅಣ್ಣ, ತಮ್ಮ, ಅಕ್ಕ, ತಂಗಿ ಎಂದು ನಾಲ್ಕು ಪದಗಳಿರುವ ನಮಗೆ ಬರೀ ‘ಬ್ರದರ್’ ಎಂದರೆ ಮಾತು ಅರ್ಧಕ್ಕೆ ನಿಂತಂತಾಗುತ್ತದೆ. ಅದಕ್ಕಾಗಿಯೇ ಪ್ರತಿ ಸಲವೂ ‘ಎಲ್ಡರ್’ ಅಥವಾ ‘ಯಂಗರ್’ ಸೇರಿಸುತ್ತೇವೆ. ಇದು ವ್ಯಾಕರಣದ ತಪ್ಪಲ್ಲ, ಆದರೆ ಇಂಗ್ಲಿಷಿನವರು ವಯಸ್ಸಿನ ವಿಷಯ ಬೇಕಾಗದ ಕಡೆ ‘ಮೈ ಬ್ರದರ್’ ಎಂದಷ್ಟೇ ಹೇಳಿ ಮುಂದಕ್ಕೆ ಹೋಗುತ್ತಾರೆ.

‘ಸೀನಿಯರ್ ದ್ಯಾನ್ ಮಿ’ ಎನ್ನಬಾರದೇ?

‘ಸೀನಿಯರ್ ಟು ಮಿ’ ಎನ್ನಬೇಕು. ‘ಸೀನಿಯರ್’, ‘ಜೂನಿಯರ್’, ‘ಸುಪೀರಿಯರ್’, ‘ಇನ್ಫೀರಿಯರ್’, ‘ಪ್ರಯರ್’ ಇವು ಲ್ಯಾಟಿನ್ ಭಾಷೆಯ ಹೋಲಿಕೆಯ ರೂಪಗಳು. ಇಂಗ್ಲಿಷಿಗೆ ಬರುವಾಗ ಪ್ರತ್ಯಯವನ್ನು ಹೊತ್ತುಕೊಂಡೇ ಬಂದಿವೆ. ಇವುಗಳಿಗೆ ‘ಮೋರ್’ ಎಂಬುದೂ ಬೇಕಿಲ್ಲ, ‘ದ್ಯಾನ್’ ಎಂಬುದೂ ಒಗ್ಗುವುದಿಲ್ಲ. ನಮ್ಮ ಹಳ್ಳಿಗಳಲ್ಲಿಯೂ ಮನೆಮಾತಾಗಿರುವ ‘ಮೇಜರ್’ ಮತ್ತು ‘ಮೈನರ್’ ಇದೇ ಕುಲದವು. ‘ಹುಡುಗಿ ಇನ್ನೂ ಮೈನರ್’ ಎಂದು ಮದುವೆಯ ಮಾತುಕತೆಯನ್ನು ನಿಲ್ಲಿಸುವವರು ಲ್ಯಾಟಿನ್ನಿನ ‘ಹೆಚ್ಚು ಚಿಕ್ಕ’ ಎಂಬ ಪದವನ್ನೇ ನುಡಿಯುತ್ತಿರುತ್ತಾರೆ. ‘ಪ್ರಿಫರ್’ ಎಂಬ ಕ್ರಿಯಾಪದಕ್ಕೂ ‘ಟು’ ಎಂಬುದೇ ಬೇಕು: ‘ಐ ಪ್ರಿಫರ್ ಕಾಫಿ ಟು ಟೀ’.

‘ದ್ಯಾನ್ ಐ’ ಸರಿಯೋ ‘ದ್ಯಾನ್ ಮಿ’ ಸರಿಯೋ?

ಹಳೆಯ ಶಾಲಾ ವ್ಯಾಕರಣಗಳು ‘ದ್ಯಾನ್ ಐ’ ಒಂದೇ ಶುದ್ಧವೆಂದವು. ಇಂದು ಮಾತಿನಲ್ಲಿಯೂ ಸಾಮಾನ್ಯ ಬರವಣಿಗೆಯಲ್ಲಿಯೂ ‘ದ್ಯಾನ್ ಮಿ’ ಸಲ್ಲುತ್ತದೆ. ‘ದ್ಯಾನ್ ಐ’ ಎಂಬುದು ತುಸು ಇಸ್ತ್ರಿ ಹಾಕಿದ ಅಂಗಿಯಂತೆ ಕೇಳಿಸುತ್ತದೆ. ಎರಡನ್ನೂ ಬಿಟ್ಟು ‘ಶೀ ಈಸ್ ಟಾಲರ್ ದ್ಯಾನ್ ಐ ಆ್ಯಮ್’ ಎಂದರೆ ಯಾರೂ ಆಕ್ಷೇಪಿಸುವಂತಿಲ್ಲ. ಅರ್ಥವೇ ಬೇರೆಯಾಗುವ ಕಡೆ ಮಾತ್ರ ಜಾಗರೂಕತೆ ಬೇಕು. ‘ಶೀ ಲವ್ಸ್ ದ ಡಾಗ್ ಮೋರ್ ದ್ಯಾನ್ ಮಿ’ ಎಂದರೆ ಅವಳಿಗೆ ನನಗಿಂತ ನಾಯಿಯೇ ಇಷ್ಟವೆಂದಾಗಬಹುದು, ನಾನು ನಾಯಿಯನ್ನು ಪ್ರೀತಿಸುವುದಕ್ಕಿಂತ ಅವಳು ಹೆಚ್ಚು ಪ್ರೀತಿಸುತ್ತಾಳೆಂದೂ ಆಗಬಹುದು. ಎರಡನೆಯದನ್ನು ಹೇಳಬೇಕಿದ್ದರೆ ‘ದ್ಯಾನ್ ಐ ಡೂ’ ಎಂದು ಬಿಡಿಸಿ ಹೇಳುವುದು ಸಂಸಾರಕ್ಕೂ ಒಳ್ಳೆಯದು.

‘ಮಡಿಕೇರಿಯ ಹವೆ ಮಂಗಳೂರಿಗಿಂತ ತಂಪು’ ಎಂಬುದನ್ನು ಹಾಗೆಯೇ ಇಂಗ್ಲಿಷಿಗೆ ತರಬಹುದೇ?

‘ದ ಕ್ಲೈಮೇಟ್ ಆಫ್ ಮಡಿಕೇರಿ ಈಸ್ ಕೂಲರ್ ದ್ಯಾನ್ ಮಂಗಳೂರು’ ಎಂದು ಬರೆದರೆ ಒಂದು ಊರಿನ ಹವೆಯನ್ನು ಇನ್ನೊಂದು ಊರಿನ ಹವೆಯೊಡನೆ ಹೋಲಿಸುವ ಬದಲು ಊರಿನೊಡನೆಯೇ ಹೋಲಿಸಿದಂತಾಗುತ್ತದೆ. ಕನ್ನಡದಲ್ಲಿ ಕೇಳುಗನೇ ಇದನ್ನು ತುಂಬಿಕೊಳ್ಳುತ್ತಾನೆ. ಎಚ್ಚರಿಕೆಯ ಇಂಗ್ಲಿಷ್ ಬರವಣಿಗೆಯಲ್ಲಿ ‘ದ್ಯಾನ್ ದಟ್ ಆಫ್ ಮಂಗಳೂರು’ ಎಂದು ತುಂಬಿಯೇ ಕೊಡಬೇಕು. ಬಹುವಚನವಾದರೆ ‘ದೋಸ್ ಆಫ್’. ನಾವು ಸಹ ‘ಮಂಗಳೂರಿನದಕ್ಕಿಂತ’ ಎಂದು ಹೇಳಬಲ್ಲೆವು. ಆ ‘ನದ’ ಎಂಬುದರ ಇಂಗ್ಲಿಷ್ ರೂಪವೇ ‘ದಟ್ ಆಫ್’ ಎಂದು ತಿಳಿದರೆ ಸಾಕು.

ಎಸ್‌ಎಸ್‌ಎಲ್‌ಸಿ ಪರೀಕ್ಷೆಗೆ ಓದುವಾಗ ‘ಎನಿ ಅದರ್’ ಎಂಬುದನ್ನು ಏಕೆ ಅಷ್ಟು ಒತ್ತಿ ಹೇಳುತ್ತಾರೆ?

‘ಡಿಗ್ರೀಸ್ ಆಫ್ ಕಂಪ್ಯಾರಿಸನ್’ ಎಂಬ ಅಭ್ಯಾಸದಲ್ಲಿ ಒಂದೇ ಸಂಗತಿಯನ್ನು ಮೂರು ಬಗೆಯಲ್ಲಿ ಹೇಳಿಸುತ್ತಾರೆ. ‘ಮುಳ್ಳಯ್ಯನಗಿರಿ ಈಸ್ ದ ಹೈಯೆಸ್ಟ್ ಪೀಕ್ ಇನ್ ಕರ್ನಾಟಕ’ ಎಂಬುದನ್ನು ಹೋಲಿಕೆಯ ರೂಪಕ್ಕೆ ತಂದಾಗ ‘ಹೈಯರ್ ದ್ಯಾನ್ ಎನಿ ಅದರ್ ಪೀಕ್ ಇನ್ ಕರ್ನಾಟಕ’ ಎಂದಾಗುತ್ತದೆ. ಮೂಲರೂಪದಲ್ಲಿ ‘ನೋ ಅದರ್ ಪೀಕ್ ಇನ್ ಕರ್ನಾಟಕ ಈಸ್ ಆ್ಯಸ್ ಹೈ ಆ್ಯಸ್ ಮುಳ್ಳಯ್ಯನಗಿರಿ’ ಎಂದಾಗುತ್ತದೆ. ಇಲ್ಲಿ ‘ಅದರ್’ ಬಿಟ್ಟರೆ ಕರ್ನಾಟಕದ ಎಲ್ಲ ಶಿಖರಗಳೊಳಗೆ ಮುಳ್ಳಯ್ಯನಗಿರಿಯೂ ಸೇರಿಕೊಂಡು, ಅದು ತನಗಿಂತ ತಾನೇ ಎತ್ತರವೆಂದು ಹೇಳಿದಂತಾಗುತ್ತದೆ. ಗೋವೆಯ ಶಿಖರಗಳೊಡನೆ ಹೋಲಿಸುವಾಗ ‘ಹೈಯರ್ ದ್ಯಾನ್ ಎನಿ ಪೀಕ್ ಇನ್ ಗೋವಾ’ ಎಂದರೆ ಸಾಕು, ಏಕೆಂದರೆ ಮುಳ್ಳಯ್ಯನಗಿರಿ ಗೋವೆಯಲ್ಲಿಲ್ಲ. ಸೂತ್ರವನ್ನು ಬಾಯಿಪಾಠ ಮಾಡುವ ಬದಲು, ಹೋಲಿಸುವ ವಸ್ತು ಆ ಗುಂಪಿನ ಒಳಗಿದೆಯೇ ಹೊರಗಿದೆಯೇ ಎಂದು ಒಮ್ಮೆ ಕೇಳಿಕೊಂಡರೆ ‘ಅದರ್’ ತಾನಾಗಿ ಬರುತ್ತದೆ ಅಥವಾ ಬಿಟ್ಟುಹೋಗುತ್ತದೆ. ಈ ಪರಿವರ್ತನೆಯ ಅಭ್ಯಾಸ ಅಂಕ ಗಳಿಸಲು ಒಳ್ಳೆಯದಾದರೂ, ಮೂರು ವಾಕ್ಯಗಳಿಗೂ ಮಾತಿನಲ್ಲಿ ಒಂದೇ ತೂಕವಿದೆ ಎಂಬ ಭ್ರಮೆಯನ್ನು ಹುಟ್ಟಿಸುತ್ತದೆ ಎಂಬುದು ನನ್ನ ತಕರಾರು. ‘ನೋ ಅದರ್ ಪೀಕ್’ ಎಂದು ಆರಂಭಿಸಿ ಯಾರೂ ಬಸ್ಸಿನಲ್ಲಿ ಮಾತನಾಡುವುದಿಲ್ಲ.

ಇಬ್ಬರೇ ಇರುವಾಗ ‘ದ ಟಾಲೆಸ್ಟ್’ ಎನ್ನಬಹುದೇ?

ಶಿಷ್ಟ ಬರವಣಿಗೆಯಲ್ಲಿ ಇಬ್ಬರಿಗೆ ‘ದ ಟಾಲರ್ ಆಫ್ ದ ಟೂ’ ಎಂದು, ಮೂವರು ಅಥವಾ ಹೆಚ್ಚು ಮಂದಿಗೆ ‘ದ ಟಾಲೆಸ್ಟ್’ ಎಂದು ಬರೆಯುವುದು ವಾಡಿಕೆ. ಸಾಮಾನ್ಯವಾಗಿ ಹೋಲಿಕೆಯ ರೂಪದ ಮುಂದೆ ‘ದ’ ಬರುವುದಿಲ್ಲವಾದರೂ ಇಲ್ಲಿ ಬರುತ್ತದೆ, ಏಕೆಂದರೆ ಇಬ್ಬರಲ್ಲಿ ಯಾರೆಂಬುದು ನಿಶ್ಚಿತವಾಗಿದೆ.

‘ಎಷ್ಟು ಬೇಗ ಹೊರಡುತ್ತೇವೋ ಅಷ್ಟು ಒಳ್ಳೆಯದು’ ಎಂಬುದನ್ನು ಹೇಳುವುದು ಹೇಗೆ?

‘ದ ಸೂನರ್ ವೀ ಲೀವ್, ದ ಬೆಟರ್’. ನಮ್ಮ ‘ಎಷ್ಟು–ಅಷ್ಟು’ ಜೋಡಿಯ ಸ್ಥಾನದಲ್ಲಿ ಅಲ್ಲಿ ‘ದ–ದ’ ಜೋಡಿಯಿದ್ದು, ಎರಡು ಕಡೆಯೂ ಹೋಲಿಕೆಯ ರೂಪ ಬೇಕು. ಈ ‘ದ’ ನಾವು ನಾಮಪದದ ಮುಂದೆ ಇಡುವ ‘ದ’ ಅಲ್ಲ. ‘ಅಷ್ಟರಿಂದ’ ಎಂಬಂಥ ಅರ್ಥ ಕೊಡುತ್ತಿದ್ದ ಹಳೆಯ ಇಂಗ್ಲಿಷಿನ ತೃತೀಯಾ ರೂಪವೊಂದು ಸವೆದು ಹೀಗಾಗಿದೆ. ಆದ್ದರಿಂದ ವಿಭಕ್ತಿಗಳ ಅಭ್ಯಾಸವಿರುವ ಕನ್ನಡಿಗರಿಗೆ ಇದು ಇಂಗ್ಲಿಷಿನವರಿಗಿಂತಲೂ ಸುಲಭವಾಗಿ ಹಿಡಿಗೆ ಸಿಗಬೇಕು. ಏರುತ್ತಲೇ ಹೋಗುವ ಗುಣವನ್ನು ಹೇಳಲು ಹೋಲಿಕೆಯ ರೂಪವನ್ನು ಎರಡು ಸಲ ಹೇಳುತ್ತಾರೆ: ‘ದಿನದಿಂದ ದಿನಕ್ಕೆ ಬೆಲೆ ಏರುತ್ತಿದೆ’ ಎಂಬಲ್ಲಿ ‘ಹೈಯರ್ ಆ್ಯಂಡ್ ಹೈಯರ್’, ಉದ್ದನೆಯ ಪದವಾದರೆ ‘ಮೋರ್ ಆ್ಯಂಡ್ ಮೋರ್ ಎಕ್ಸ್‌ಪೆನ್ಸಿವ್’.

‘ಲೆಸ್’ ಮತ್ತು ‘ಫ್ಯೂಅರ್’ ಇವುಗಳಲ್ಲಿ ವ್ಯತ್ಯಾಸವೇನು?

ಎಣಿಸಲು ಬರುವುದಕ್ಕೆ ‘ಫ್ಯೂಅರ್’, ಅಳೆಯುವುದಕ್ಕೆ ‘ಲೆಸ್’: ಫ್ಯೂಅರ್ ಕಪ್ಸ್, ಲೆಸ್ ಕಾಫಿ. ಹಣ, ಕಾಲ, ದೂರಗಳನ್ನು ಅಂಕಿಗಳಲ್ಲಿ ಹೇಳಿದರೂ ಒಟ್ಟು ಮೊತ್ತವೆಂದೇ ಭಾವಿಸುವುದರಿಂದ ‘ಲೆಸ್ ದ್ಯಾನ್ ಅ ಹಂಡ್ರೆಡ್ ರುಪೀಸ್’ ಎಂಬುದೇ ಸರಿ. ಗುಣವಾಚಕದ ಮುಂದೆ ಎಂದಿಗೂ ‘ಲೆಸ್’ ಒಂದೇ: ‘ಲೆಸ್ ಎಕ್ಸ್‌ಪೆನ್ಸಿವ್’. ಚಿಕ್ಕ ಪದಗಳಿಗೆ ಅದೂ ಅಷ್ಟಾಗಿ ಒಗ್ಗದು. ‘ಲೆಸ್ ಟಾಲ್’ ಎನ್ನುವ ಬದಲು ‘ಶಾರ್ಟರ್’ ಎಂದೋ ‘ನಾಟ್ ಆ್ಯಸ್ ಟಾಲ್ ಆ್ಯಸ್’ ಎಂದೋ ಹೇಳುವುದು ಸಹಜ.

‘ಮೋರ್ ಪರ್ಫೆಕ್ಟ್’, ‘ಮೋರ್ ಯೂನಿಕ್’ ಎಂಬುವು ತಪ್ಪೇ?

ಪರಿಪೂರ್ಣವಾದುದರಲ್ಲಿ ಹೆಚ್ಚು ಕಡಿಮೆ ಎಲ್ಲಿಯದು ಎಂಬುದು ಕಟ್ಟುನಿಟ್ಟಿನವರ ವಾದ. 1787ರಲ್ಲಿ ರಚಿತವಾದ ಅಮೆರಿಕದ ಸಂವಿಧಾನದ ಪೀಠಿಕೆಯಲ್ಲಿಯೇ ‘ಮೋರ್ ಪರ್ಫೆಕ್ಟ್ ಯೂನಿಯನ್’ ಎಂಬ ಮಾತಿರುವಾಗ ಆ ವಾದವನ್ನು ತೀರ ಬಿಗಿಯಾಗಿ ಹಿಡಿಯಲಾಗದು. ಅಲ್ಲಿ ಅದರ ಅರ್ಥ ‘ಪರಿಪೂರ್ಣತೆಗೆ ಇನ್ನಷ್ಟು ಹತ್ತಿರವಾದ’ ಎಂದು. ‘ಯೂನಿಕ್’ ವಿಷಯದಲ್ಲಿ ಆಕ್ಷೇಪಿಸುವವರು ಇಂದಿಗೂ ಬಹಳ ಮಂದಿ ಇರುವುದರಿಂದ ಅರ್ಜಿ, ಪ್ರಬಂಧಗಳಲ್ಲಿ ತಪ್ಪಿಸುವುದು ಜಾಣತನ.

ಒಬ್ಬನಲ್ಲಿಯೇ ಇರುವ ಎರಡು ಗುಣಗಳನ್ನು ಹೋಲಿಸುವಾಗ ಯಾವ ರೂಪ?

ಆಗ ಪದ ಎಷ್ಟೇ ಚಿಕ್ಕದಾದರೂ ‘ಮೋರ್’ ಎಂಬುದೇ ಬೇಕು. ‘ಅವನನ್ನು ಸೋಮಾರಿ ಎನ್ನುವುದಕ್ಕಿಂತ ದಡ್ಡ ಎನ್ನುವುದೇ ಸರಿ’ ಎಂಬ ಭಾವವನ್ನು ‘ಹೀ ಈಸ್ ಮೋರ್ ಡಲ್ ದ್ಯಾನ್ ಲೇಜಿ’ ಎಂದು ಹೇಳಬೇಕೇ ಹೊರತು ‘ಡಲರ್ ದ್ಯಾನ್ ಲೇಜಿ’ ಎಂದಲ್ಲ. ಇಲ್ಲಿ ಅಳೆಯುತ್ತಿರುವುದು ಇಬ್ಬರು ಮನುಷ್ಯರನ್ನಲ್ಲ, ಒಬ್ಬ ಮನುಷ್ಯನಿಗೆ ಹೊಂದುವ ಎರಡು ಪದಗಳನ್ನು.

‘ದ್ಯಾನ್’ ಇಲ್ಲದೆಯೇ ಹೋಲಿಕೆಯ ರೂಪ ಬರಬಹುದೇ?

ಬರಬಹುದು. ನಮ್ಮಲ್ಲಿ ಕಿರಿಯ ಪ್ರಾಥಮಿಕ ಶಾಲೆ, ಹಿರಿಯ ಪ್ರಾಥಮಿಕ ಶಾಲೆ ಎಂದು ಕರೆಯುವ ‘ಲೋಯರ್ ಪ್ರೈಮರಿ’, ‘ಹೈಯರ್ ಪ್ರೈಮರಿ’ ಎಂಬ ಹೆಸರುಗಳಲ್ಲಿ ಹೋಲಿಕೆಯ ರೂಪವಿದೆ, ‘ದ್ಯಾನ್’ ಇಲ್ಲ. ಒಂದು ಇನ್ನೊಂದನ್ನು ನೋಡುತ್ತ ನಿಂತಿರುವುದರಿಂದ ಯಾವುದಕ್ಕಿಂತ ಎಂದು ಕೇಳುವ ಅಗತ್ಯ ಬೀಳುವುದಿಲ್ಲ. ಜಾಹೀರಾತುಗಳ ‘ಬೆಟರ್ ಟೇಸ್ಟ್’, ‘ವೈಟರ್ ಕ್ಲೋತ್ಸ್’ ಎಂಬಲ್ಲಿ ಮಾತ್ರ ಯಾವುದಕ್ಕಿಂತ ಎಂದು ಕೇಳಲೇಬೇಕು. ಆ ಪ್ರಶ್ನೆಗೆ ಉತ್ತರ ಕೊಡಬೇಕಾಗಬಾರದೆಂದೇ ‘ದ್ಯಾನ್’ ಬಿಟ್ಟಿರುತ್ತಾರೆ.

ಉಚ್ಚಾರದಲ್ಲಿ ಗಮನಿಸಬೇಕಾದುದೇನಾದರೂ ಇದೆಯೇ?

‘ದ್ಯಾನ್’ ಮತ್ತು ‘ದೆನ್’ ಮೂಲದಲ್ಲಿ ಒಂದೇ ಪದವಾಗಿದ್ದು, ಕಾಲಕ್ರಮದಲ್ಲಿ ಹೋಲಿಕೆಗೆ ಒಂದು, ‘ಆಮೇಲೆ’ ಎಂಬ ಅರ್ಥಕ್ಕೆ ಇನ್ನೊಂದು ಎಂದು ಬೇರ್ಪಟ್ಟಿವೆ. ವೇಗವಾಗಿ ಮಾತನಾಡುವಾಗ ‘ದ್ಯಾನ್’ ಸಹ ‘ದನ್’ ಎಂದೇ ಕೇಳಿಸುವುದರಿಂದ ಬರೆಯುವಾಗ ಎ ಅಕ್ಷರದ ಬದಲು ಇ ಹಾಕುವ ತಪ್ಪು ಇಂಗ್ಲಿಷ್ ಮನೆಮಾತಿನವರಲ್ಲಿಯೂ ವಿಪರೀತವಾಗಿದೆ.

‘ಲಾಂಗ್’, ‘ಸ್ಟ್ರಾಂಗ್’, ‘ಯಂಗ್’ ಎಂಬ ಮೂರು ಪದಗಳಲ್ಲಿ ಇಂಗ್ಲೆಂಡಿನ ಶಿಷ್ಟ ಉಚ್ಚಾರದವರು ಕೊನೆಯ ಗಕಾರವನ್ನು ನುಡಿಯುವುದಿಲ್ಲ, ನಮ್ಮ ವರ್ಣಮಾಲೆಯ ‘ಙ’ ಧ್ವನಿಯಲ್ಲಿಯೇ ನಿಲ್ಲಿಸುತ್ತಾರೆ. ‘ಅರ್’ ಹತ್ತಿದ ಕೂಡಲೇ ‘ಲಾಂಗರ್’, ‘ಸ್ಟ್ರಾಂಗರ್’, ‘ಯಂಗರ್’ ಎಂದು ಗಕಾರವನ್ನು ಸ್ಪಷ್ಟವಾಗಿ ನುಡಿಯುತ್ತಾರೆ. ಇಂಗ್ಲಿಷನ್ನು ಹೊಸದಾಗಿ ಕಲಿಯುವ ಎಷ್ಟೋ ದೇಶದವರು ಇದನ್ನು ಪ್ರತ್ಯೇಕವಾಗಿ ಅಭ್ಯಾಸ ಮಾಡಬೇಕಾಗುತ್ತದೆ. ಮೊದಲಿನಿಂದಲೂ ಎಲ್ಲ ಕಡೆ ಗಕಾರವನ್ನು ನುಡಿಯುತ್ತಲೇ ಬಂದಿರುವ ನಾವು ಹೋಲಿಕೆಯ ರೂಪದಲ್ಲಿ ಮಾತ್ರ ಏನೂ ಮಾಡದೆಯೇ ಸರಿಯಾಗಿಬಿಡುತ್ತೇವೆ.